ಮನೆಪಟ್ಟಿ ಏರಿಸೋ ಮುಂಚೆ ನಮ್ಮನ್ನ ಕೇಳ್ರಿ



ದಿನಾ ರಾತ್ರಿ ಈ ಹೊತ್ತಿಗೆ ಬೆಂಗಳೂರು, ದೆಹಲಿ ಅಂತ ದೊಡ್ಡ ದೊಡ್ಡ ಕುರ್ಚಿಗಳ ಬಗ್ಗೆ ಮಾತಾಡ್ತೀವಿ. ಇವತ್ತು ಅಂಗೈ ಅಗಲದ ಒಂದು ಚೀಟಿ ಬಗ್ಗೆ ಮಾತಾಡೋಣ. ಮನೆಪಟ್ಟಿ ರಸೀದಿ. ಮೈಸೂರು ಕಡೆಯವರು ಕಂದಾಯ ಅಂತೀರಿ, ಗಡಿ ಭಾಗದಲ್ಲಿ ಘರಪಟ್ಟಿ ಅಂತಾರೆ, ಸರ್ಕಾರದ ಭಾಷೆಯಲ್ಲಿ ಆಸ್ತಿ ತೆರಿಗೆ. ಹೆಸರು ಯಾವುದಾದ್ರೂ ಇರಲಿ, ಕಟ್ಟೋ ಜೇಬು ಒಂದೇ.

ಬೀದರ್ ಜಿಲ್ಲೆ ಭಾಲ್ಕಿ ತಾಲೂಕಿನ ಸಾಯಗಾಂವ ಕಡೆಯ ವೀಕ್ಷಕರೊಬ್ಬರು ಒಂದೇ ಸಾಲಿನ ಪ್ರಶ್ನೆ ಕಳಿಸಿದ್ದಾರೆ. "ಸರ್, ಪಟ್ಟಿ ಹೆಚ್ಚು ಮಾಡೋದಿದ್ರ ನಮಗ ಕೇಳಬೇಕೋ ಬ್ಯಾಡೋ?" ಅಷ್ಟೇ ಪ್ರಶ್ನೆ. ಆದರೆ ನೋಡಿ, ಈ ಒಂದು ಸಾಲಿನ ಮೇಲೆ ಅಮೆರಿಕದಲ್ಲಿ ಚುನಾವಣೆಗಳು ನಡೆದಿವೆ, ಇಂಗ್ಲೆಂಡಿನಲ್ಲಿ ಕಾನೂನೇ ಬಂದಿದೆ. ನಮ್ಮಲ್ಲಿ ಮಾತ್ರ ಇದನ್ನ ಯಾರೂ ಗಟ್ಟಿಯಾಗಿ ಕೇಳಿಲ್ಲ.

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. ಸಂವಿಧಾನದ 265ನೇ ವಿಧಿ ಹೇಳೋದು ಇಷ್ಟು: ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. 243ಎಚ್ ವಿಧಿಯ ಪ್ರಕಾರ ಪಂಚಾಯ್ತಿಗಳಿಗೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯದ ಶಾಸನಸಭೆ ಕೊಡಬಹುದು. "ಕೊಡಬಹುದು" ಅನ್ನೋ ಪದ ಗಮನಿಸಿ. ಅಂದರೆ ಕೀಲಿಕೈ ಬೆಂಗಳೂರಿನಲ್ಲಿ. ಕರ್ನಾಟಕ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಂನಲ್ಲಿ ಆ ಅಧಿಕಾರ ಕೊಟ್ಟಿತು. ಗ್ರಾಮ ಪಂಚಾಯ್ತಿ ಮನೆ, ಅಂಗಡಿ, ಖಾಲಿ ಜಾಗಕ್ಕೆ ತೆರಿಗೆ ಹಾಕಬಹುದು. ಎಷ್ಟರ ತನಕ ಹಾಕಬಹುದು ಅನ್ನೋದಕ್ಕೆ ಕಾಯ್ದೆಯ ಅನುಸೂಚಿಯಲ್ಲಿ ಒಂದು ಮಿತಿ ಇದೆ.

ಅಂದರೆ ಮಿತಿ ನಮ್ಮಲ್ಲೂ ಇದೆ. ಆದರೆ ಆ ಮಿತಿ ಹಾಕಿದವರು ವಿಧಾನಸೌಧದಲ್ಲಿ ಕೂತವರು. ಆ ಮಿತಿಯೊಳಗೆ ಏರಿಸೋರು ಪಂಚಾಯ್ತಿಯವರು. ಕಟ್ಟೋರು ನೀವು. ಈ ಮೂರು ಜನರಲ್ಲಿ "ಬೇಕಾ, ಬೇಡವಾ" ಅಂತ ಯಾರೂ ಕೇಳದೇ ಬಿಟ್ಟಿರೋದು ಕಟ್ಟೋ ನಿಮ್ಮನ್ನೇ. ಆಕ್ಷೇಪಣೆ ಇದ್ದರೆ ಬರೆದುಕೊಡಿ ಅಂತ ಹೇಳಬಹುದು. ಆಕ್ಷೇಪಣೆ ಬೇರೆ, ಮತ ಬೇರೆ. ಆಕ್ಷೇಪಣೆಯನ್ನ ಫೈಲಿಗೆ ಹಾಕಿ ಮುಚ್ಚಿಬಿಡಬಹುದು. ಮತವನ್ನ ಎಣಿಸಲೇಬೇಕು.

ಪಟ್ಟಣದ ಕಥೆ ಬೇರೇನಾ? ಭಾಲ್ಕಿಯಲ್ಲಿ ಪುರಸಭೆ, ಔರಾದಿನಲ್ಲಿ ಪಟ್ಟಣ ಪಂಚಾಯ್ತಿ. ಅವಕ್ಕೆ 1964ರ ಪುರಸಭೆಗಳ ಕಾಯ್ದೆ. ಅಲ್ಲಿ ಬಹಳ ವರ್ಷ ಇದ್ದ ನಿಯಮ ಏನು ಗೊತ್ತಾ? ಮೂರು ವರ್ಷಕ್ಕೊಮ್ಮೆ ಆಸ್ತಿ ತೆರಿಗೆ ಶೇಕಡಾ 15ರಷ್ಟು ತಾನಾಗಿಯೇ ಏರುತ್ತೆ. ಕೌನ್ಸಿಲ್ ಮನಸ್ಸು ಮಾಡಿದರೆ ಶೇಕಡಾ 30ರ ತನಕ ಏರಿಸಬಹುದು. ಅಂದರೆ ಕಮ್ಮಿ ಅಂದರೂ 15 ಏರಲೇಬೇಕು. ಯಾವ ಸದಸ್ಯನೂ ಕೈ ಎತ್ತಬೇಕಾಗಿಲ್ಲ, ಯಾರೂ ಮುಖ ಕೆಡಿಸಿಕೊಳ್ಳಬೇಕಾಗಿಲ್ಲ. ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಟ್ಟ ಹಾಗೆ, ಕರೆಂಟ್ ಬಂದ ತಕ್ಷಣ ಶುರು.

ಆಮೇಲೆ 2020 ಬಂತು. ಕೋವಿಡ್ ಕಾಲ. ರಾಜ್ಯಗಳ ಖಜಾನೆ ಖಾಲಿ. ಕೇಂದ್ರ ಸರ್ಕಾರ ಹೇಳ್ತು, ಹೆಚ್ಚು ಸಾಲ ಎತ್ತೋದಕ್ಕೆ ಅವಕಾಶ ಕೊಡ್ತೀವಿ, ಆದರೆ ಕೆಲವು ಸುಧಾರಣೆ ಮಾಡಬೇಕು. ಅದರಲ್ಲಿ ಒಂದು, ಪಟ್ಟಣಗಳ ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿ ಮಾಡಿ, ಜಾಗದ ಸರ್ಕಾರಿ ಬೆಲೆಯ ಜತೆ ಅದನ್ನ ಜೋಡಿಸಿ, ಕಾಲಕಾಲಕ್ಕೆ ಏರಿಸ್ತಾ ಹೋಗಿ. 15ನೇ ಹಣಕಾಸು ಆಯೋಗವೂ ಪಟ್ಟಣಗಳ ಅನುದಾನಕ್ಕೆ ಇಂಥದ್ದೇ ಷರತ್ತು ಹಾಕಿತು. ಕನಿಷ್ಠ ದರ ನಿಗದಿ ಮಾಡದಿದ್ದರೆ, ವಸೂಲಿ ಬೆಳೆಯದಿದ್ದರೆ ಅನುದಾನ ಇಲ್ಲ. ನಮ್ಮ ರಾಜ್ಯವೂ ಕಾಯ್ದೆಗೆ ತಿದ್ದುಪಡಿ ತಂದು ತೆರಿಗೆಯನ್ನ ಈಗಿನ ಮಾರ್ಗಸೂಚಿ ದರದ ಜತೆ ಜೋಡಿಸಿತು. ವರ್ಷ ವರ್ಷ ಶೇಕಡಾ 3ರಿಂದ 5ರಷ್ಟು ಏರಿಕೆ ಅಂತಾಯ್ತು.

ಮಾರ್ಗಸೂಚಿ ದರ ಯಾರು ನಿಗದಿ ಮಾಡ್ತಾರೆ? ನೋಂದಣಿ ಮತ್ತು ಮುದ್ರಾಂಕ ಇಲಾಖೆ. 2023ರ ಅಕ್ಟೋಬರ್ 1ರಿಂದ ರಾಜ್ಯದ ತುಂಬ ಆ ದರ ಏರಿಸಿದರಲ್ಲ, ಆಗ ನಾವೆಲ್ಲ ಏನು ಸುದ್ದಿ ಮಾಡಿದ್ವಿ? ಸೈಟು ಕೊಳ್ಳೋರಿಗೆ ಹೊರೆ ಅಂತ. ಸೈಟು ಕೊಳ್ಳದೆ, ಮಾರದೆ, ಅಪ್ಪ ಕಟ್ಟಿಸಿದ ಮನೆಯಲ್ಲಿ ಸುಮ್ಮನೆ ವಾಸ ಇರೋನ ತೆರಿಗೆ ಲೆಕ್ಕಕ್ಕೂ ಅದೇ ದರ ಬುನಾದಿ ಅನ್ನೋದು ಎಷ್ಟು ಜನಕ್ಕೆ ಗೊತ್ತಾಯ್ತು?

ಈಗ ಸ್ವಲ್ಪ ದೂರ ಹೋಗಿ ಬರೋಣ. 1978ರ ಜೂನ್ 6. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ. ಅಲ್ಲೂ ಹೀಗೇ ಆಗಿತ್ತು. ಜಾಗದ ಬೆಲೆ ಏರ್ತಾ ಇತ್ತು, ಅದರ ಜತೆಗೆ ಮನೆತೆರಿಗೆಯೂ ಏರ್ತಾ ಇತ್ತು. ಪಿಂಚಣಿಯಲ್ಲಿ ಬದುಕೋ ಮುದುಕರು, ತೆರಿಗೆ ಕಟ್ಟೋದಕ್ಕೇ ಮನೆ ಮಾರಬೇಕಾಗುತ್ತೆ ಅಂತ ಹೆದರಿದ್ರು. ಹೋವರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಅನ್ನೋ ಇಬ್ಬರು ಸಹಿ ಸಂಗ್ರಹ ಮಾಡಿ ವಿಷಯವನ್ನ ಜನಮತಕ್ಕೆ ತಂದರು. ಅದರ ಹೆಸರು ಪ್ರಪೋಸಿಶನ್ 13. ಸುಮಾರು ಶೇಕಡಾ 65ರಷ್ಟು ಜನ ಹೌದು ಅಂದರು. ಆಸ್ತಿ ತೆರಿಗೆ ಮೌಲ್ಯದ ಶೇಕಡಾ 1 ದಾಟಬಾರದು. ಮೌಲ್ಯದ ಲೆಕ್ಕ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಬಾರದು. ಊರಿನ ಆಡಳಿತ ವಿಶೇಷ ತೆರಿಗೆ ಹಾಕಬೇಕಾದರೆ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು.

ಕೇಳೋಕೆ ಚೆನ್ನಾಗಿದೆ ಅಲ್ವಾ? ಜನ ಗೆದ್ದರು! ಆದರೆ ಪೂರ್ತಿ ಲೆಕ್ಕ ನೋಡಿ. ಮನೆ ಮಾರಾಟ ಆದಾಗ ಮಾತ್ರ ಅದರ ಬೆಲೆಯನ್ನ ಹೊಸದಾಗಿ ಲೆಕ್ಕ ಹಾಕ್ತಾರೆ. ಹಾಗಾಗಿ ಪಕ್ಕಪಕ್ಕದ ಎರಡು ಮನೆ, ಒಂದೇ ಅಳತೆ, ಒಂದೇ ರಸ್ತೆ. ಮೂವತ್ತು ವರ್ಷದ ಹಿಂದೆ ಕೊಂಡವನದು ಸಣ್ಣ ತೆರಿಗೆ, ಮೊನ್ನೆ ಕೊಂಡ ಹುಡುಗನದು ಅದರ ಎಷ್ಟೋ ಪಟ್ಟು. ದೊಡ್ಡ ದೊಡ್ಡ ವ್ಯಾಪಾರದ ಕಟ್ಟಡಗಳಿಗೂ ಅದೇ ರಕ್ಷಣೆ. ಇನ್ನೊಂದು ಕಡೆ ಊರುಗಳ ಆದಾಯ ಕುಸಿದು, ಶಾಲೆಗೆ ದುಡ್ಡು ಬೇಕು ಅಂದರೆ ರಾಜ್ಯದ ರಾಜಧಾನಿ ಕಡೆ ಕೈ ಚಾಚೋ ಹಾಗಾಯ್ತು. ತೆರಿಗೆಗೆ ಬೀಗ ಹಾಕಿದವರು ತಮ್ಮ ಊರಿನ ಅಧಿಕಾರಕ್ಕೂ ಬೀಗ ಹಾಕಿಕೊಂಡರು. ಮೂರರಲ್ಲಿ ಎರಡು ಪಾಲು ಬೇಕು ಅಂದರೆ, ಮೂರರಲ್ಲಿ ಒಂದು ಪಾಲಿಗಿಂತ ಒಬ್ಬ ಹೆಚ್ಚಿದ್ದರೂ ಸಾಕು, ಉಳಿದ ಊರನ್ನೆಲ್ಲ ತಡೀಬಹುದು.

ಅದೇ ದೇಶದ ಇನ್ನೊಂದು ರಾಜ್ಯ ಮ್ಯಾಸಚೂಸೆಟ್ಸ್. 1980ರಲ್ಲಿ ಅಲ್ಲೂ ಜನಮತದಿಂದಲೇ ಒಂದು ಮಿತಿ ಬಂತು. ಊರಿನ ಒಟ್ಟು ಆಸ್ತಿ ತೆರಿಗೆ ವರ್ಷಕ್ಕೆ ಶೇಕಡಾ ಎರಡೂವರೆಗಿಂತ ಹೆಚ್ಚು ಬೆಳೆಯಬಾರದು, ಹೊಸ ಕಟ್ಟಡಗಳ ಲೆಕ್ಕ ಬೇರೆ. ಅದಕ್ಕಿಂತ ಹೆಚ್ಚು ಬೇಕಾ? ಆ ಊರಿನ ಜನರ ಮತಕ್ಕೆ ಹಾಕಿ. ಮತಪತ್ರದಲ್ಲೇ ಎಷ್ಟು ಹಣ, ಯಾವ ಕೆಲಸಕ್ಕೆ, ಯಾವ ವರ್ಷಕ್ಕೆ ಅಂತ ಬರೆದಿರಬೇಕು. ಶಾಲೆಗಾ, ಅಗ್ನಿಶಾಮಕ ದಳಕ್ಕಾ, ರಸ್ತೆಗಾ ಅಂತ. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೆ ಸಾಕು. ಕೆಲವು ಊರು ಒಪ್ತವೆ, ಕೆಲವು ತಿರಸ್ಕರಿಸ್ತವೆ.

ಇಂಗ್ಲೆಂಡಿನಲ್ಲಿ 2011ರಲ್ಲಿ ಕಾನೂನು ತಂದರು. ಸರ್ಕಾರ ಹೇಳಿದ ಮಿತಿ ದಾಟಿ ಕೌನ್ಸಿಲ್ ತೆರಿಗೆ ಏರಿಸಬೇಕಾದರೆ ಜನಮತ ಕಡ್ಡಾಯ. 2015ರಲ್ಲಿ ಬೆಡ್‌ಫರ್ಡ್‌ಶೈರ್ ಅನ್ನೋ ಕಡೆ ಪೊಲೀಸ್ ವೆಚ್ಚಕ್ಕಾಗಿ ಸುಮಾರು ಶೇಕಡಾ 16ರಷ್ಟು ಏರಿಕೆ ಕೇಳಿದರು. ಸುಮಾರು ಶೇಕಡಾ 70ರಷ್ಟು ಜನ ಬೇಡ ಅಂದರು. ಅಲ್ಲಿಗೆ ಮುಗೀತು.

"ಸರ್, ಅದು ಅಮೆರಿಕ, ಇಂಗ್ಲೆಂಡು. ನಮ್ಮ ಹಳ್ಳಿಯಲ್ಲಿ ಇದೆಲ್ಲ ಆಗೋ ಮಾತಾ?" ಅಂತ ನೀವು ಕೇಳಬಹುದು. ಸಾಯಗಾಂವದವರಿಗೆ ನಾನು ಅಮೆರಿಕ ತೋರಿಸಬೇಕಾಗಿಲ್ಲ. ಗಡಿಯಾಚೆ ಮಹಾರಾಷ್ಟ್ರ ತೋರಿಸಿದರೆ ಸಾಕು. ಉದಗೀರ, ನಿಲಂಗಾ ಕಡೆ ನಿಮ್ಮ ಬೀಗರು ಇದ್ದಾರಲ್ಲ, ಕೇಳಿ ನೋಡಿ. ಆ ರಾಜ್ಯದಲ್ಲಿ ಊರಿನ ದಾರು ಅಂಗಡಿ ಇರಬೇಕಾ ಮುಚ್ಚಬೇಕಾ ಅಂತ ಹೆಣ್ಣುಮಕ್ಕಳು ಮತ ಹಾಕೋ ಪದ್ಧತಿ ಇದೆ. ಮತಪತ್ರದಲ್ಲಿ ಎರಡು ಚಿತ್ರ. ನಿಂತ ಬಾಟಲಿ, ಮಲಗಿದ ಬಾಟಲಿ. ಓದು ಬರಹ ಬಾರದ ಅಜ್ಜಿಗೂ ಗೊತ್ತಾಗುತ್ತೆ ಯಾವುದಕ್ಕೆ ಮುದ್ರೆ ಒತ್ತಬೇಕು ಅಂತ. ಮಲಗಿದ ಬಾಟಲಿ ಗೆದ್ದ ಊರುಗಳಲ್ಲಿ ಅಂಗಡಿ ಮುಚ್ಚಿದೆ.

ಇನ್ನೊಂದು ಉದಾಹರಣೆ, ಒಡಿಶಾದ ನಿಯಮಗಿರಿ. 2013ರಲ್ಲಿ ಸುಪ್ರೀಂ ಕೋರ್ಟು, ಬೆಟ್ಟದಲ್ಲಿ ಗಣಿ ಬೇಕಾ ಬೇಡವಾ ಅನ್ನೋದನ್ನ ಗ್ರಾಮಸಭೆಗಳ ಮುಂದಿಡಿ ಅಂತು. 12 ಹಳ್ಳಿಗಳ ಗ್ರಾಮಸಭೆ ನಡೀತು. ಹನ್ನೆರಡೂ ಬೇಡ ಅಂದವು. ದೊಡ್ಡ ಕಂಪನಿ ಹಿಂದೆ ಸರೀಬೇಕಾಯ್ತು. ಬೆಟ್ಟದ ಭವಿಷ್ಯ ತೀರ್ಮಾನ ಮಾಡೋ ಬುದ್ಧಿ ಹಳ್ಳಿಯವರಿಗೆ ಇದೆ ಅಂತಾದರೆ, ಮನೆಪಟ್ಟಿ ತೀರ್ಮಾನ ಮಾಡೋ ಬುದ್ಧಿ ಇಲ್ವಾ?

ಹಾಗಂತ ನಾನು ಬರೀ ಒಂದು ಕಡೆ ಮಾತಾಡಿದರೆ ಅದು ಚಪ್ಪಾಳೆ ಗಿಟ್ಟಿಸೋ ಮಾತಾಗುತ್ತೆ. ಈಗ ನಿಮಗೆ ಸ್ವಲ್ಪ ಕಹಿ ಅನ್ನಿಸೋ ಮಾತು ಹೇಳ್ತೀನಿ, ಕೇಳಿ.

2024ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ದೇಶದ ಪಂಚಾಯ್ತಿಗಳ ಹಣಕಾಸಿನ ಬಗ್ಗೆ ಒಂದು ವರದಿ ಕೊಟ್ಟಿತು. ಪಂಚಾಯ್ತಿಗಳ ಆದಾಯದಲ್ಲಿ ಅವು ತಾವೇ ಹಾಕಿ ವಸೂಲಿ ಮಾಡಿದ ತೆರಿಗೆಯ ಪಾಲು ಎಷ್ಟು ಗೊತ್ತಾ? ಶೇಕಡಾ 1ರಷ್ಟು. ನೂರು ರೂಪಾಯಿಯಲ್ಲಿ ಒಂದು ರೂಪಾಯಿ! ಉಳಿದದ್ದು ಬಹುಪಾಲು ದೆಹಲಿಯಿಂದ, ರಾಜ್ಯದಿಂದ ಬರೋ ಅನುದಾನ.

ಅನುದಾನ ಬರುತ್ತಲ್ಲ, ಸಾಕಲ್ಲ ಅಂತೀರಾ? 15ನೇ ಹಣಕಾಸು ಆಯೋಗದ ಹಣ ಬಂದಾಗ ಅದರಲ್ಲಿ ಶೇಕಡಾ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ಕಟ್ಟುಪಾಡು ಇತ್ತು. ಉಳಿದ 40ಕ್ಕೆ ಮುಂಚೆಯೇ ಕ್ರಿಯಾಯೋಜನೆ, ಅನುಮೋದನೆ, ಆನ್‌ಲೈನ್ ಎಂಟ್ರಿ. ಏಪ್ರಿಲ್ ತಿಂಗಳ ಬೀದರ್ ಬಿಸಿಲು ನೆನಪಿಸಿಕೊಳ್ಳಿ. ಬೋರಿನ ಮೋಟರ್ ಸುಟ್ಟಿತು. ರಿವೈಂಡಿಂಗ್‌ಗೆ ಇವತ್ತೇ ದುಡ್ಡು ಬೇಕು. ದೆಹಲಿಯ ಕಂತು ಬರೋ ತನಕ ನಳದ ಮುಂದೆ ಕೊಡ ಇಟ್ಟು ಕಾಯ್ತೀರಾ? ಆ ಹೊತ್ತಿಗೆ ಕೈಗೆ ಸಿಗೋ ಹಣ ಅಂದರೆ ನೀವು ಕಟ್ಟಿದ ಪಟ್ಟಿಯ ಹಣ. ಪಂಚಾಯ್ತಿಯ ಪಾಲಿಗೆ ಸ್ವಂತದ್ದು ಅಂತ ಇರೋದರಲ್ಲಿ ಅದು ಮುಖ್ಯವಾದದ್ದು. ಆ ರಸೀದಿಯ ಮೇಲೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಅಂತ ಬರೆದಿರುತ್ತಲ್ಲ, ಅದು ಊರಿನದ್ದಲ್ಲ. ವಸೂಲಿ ಮಾಡಿ ಮೇಲಕ್ಕೆ ಕಟ್ಟಬೇಕಾದ ಹಣ.

ಅದಕ್ಕೇ ಪಟ್ಟಿ ಬೇಡವೇ ಬೇಡ ಅನ್ನೋರ ಜತೆ ನಾನಿಲ್ಲ. 2022ರ ಜನವರಿಯಲ್ಲಿ ಮುಂಬೈಯಲ್ಲಿ 500 ಚದರಡಿ ತನಕದ ಮನೆಗಳಿಗೆ ಆಸ್ತಿ ತೆರಿಗೆ ಮನ್ನಾ ಮಾಡಿದರು. ಮುಂಬೈಗೆ ಬೇರೆ ಆದಾಯ ಇದೆ, ತಡ್ಕೊಳ್ಳುತ್ತೆ. ಭಾಲ್ಕಿ, ಔರಾದ್ ತಾಲೂಕಿನ ಒಂದು ಪಂಚಾಯ್ತಿ ತಡ್ಕೊಳ್ಳುತ್ತಾ?

ಹಾಗಾದರೆ ಏರಿಸೋದೇ ಸರಿನಾ? ಇಲ್ಲಿ ನಾನು ಓದಿದ ಇಂಜಿನಿಯರಿಂಗ್ ಸ್ವಲ್ಪ ಉಪಯೋಗಕ್ಕೆ ಬರುತ್ತೆ. ಒಂದು ಲೆಕ್ಕ ಮಾಡೋಣ. ಯಾವ ಊರಿನ ಲೆಕ್ಕವೂ ಅಲ್ಲ, ತಿಳಿಯೋದಕ್ಕೆ ಒಂದು ಉದಾಹರಣೆ. 1,000 ಮನೆ ಇರೋ ಪಂಚಾಯ್ತಿ. ಮನೆಗೆ 400 ರೂಪಾಯಿ ಪಟ್ಟಿ. ಬರಬೇಕಾದದ್ದು 4 ಲಕ್ಷ. ಕಟ್ಟೋರು 500 ಮನೆಯವರು ಅಂದುಕೊಳ್ಳಿ. ಬಂದದ್ದು 2 ಲಕ್ಷ.

ಈಗ ಪಟ್ಟಿಯನ್ನ 500 ರೂಪಾಯಿಗೆ ಏರಿಸಿದಿರಿ. ಕಟ್ಟೋದು ಅದೇ 500 ಮನೆ. ಬಂದದ್ದು ಎರಡೂವರೆ ಲಕ್ಷ. 50 ಸಾವಿರ ಹೆಚ್ಚಾಯ್ತು. ಏರಿಕೆಯ ಭಾರ ಹೊತ್ತವರು ಯಾರು? ಮೊದಲಿಂದ ನಿಯತ್ತಾಗಿ ಕಟ್ತಾ ಇದ್ದವರೇ.

ಇನ್ನೊಂದು ದಾರಿ. ದರ ಏರಿಸಬೇಡಿ. ಬಾಕಿ ಉಳಿಸಿಕೊಂಡ 500 ಮನೆಯಲ್ಲಿ ಬರೀ 250 ಮನೆಯಿಂದ ಹಳೇ ದರದಲ್ಲೇ ವಸೂಲಿ ಮಾಡಿ. ಬಂದದ್ದು 1 ಲಕ್ಷ ಹೆಚ್ಚು. ಏರಿಸಿದ್ದಕ್ಕಿಂತ ಎರಡು ಪಟ್ಟು! ಒಬ್ಬ ನಿಯತ್ತಿನ ಮನುಷ್ಯನಿಗೂ ಒಂದು ರೂಪಾಯಿ ಹೊರೆ ಇಲ್ಲ.

ಹಾಗಿದ್ದರೂ ಯಾಕೆ ಏರಿಸೋದೇ ಸುಲಭ? ಯಾಕಂದರೆ ಏರಿಸೋದಕ್ಕೆ ಒಂದು ಠರಾವು ಸಾಕು. ಬಾಕಿ ವಸೂಲಿಗೆ ಬಾಗಿಲು ಬಡೀಬೇಕು. ಬಡವರ ಬಾಗಿಲು ಬಡಿಯೋದಕ್ಕೆ ಧೈರ್ಯ ಬೇಕಾಗಿಲ್ಲ ಬಿಡಿ. ಮಗಳ ಹೆಸರಿಗೆ ಜಾಗ ಮಾಡಬೇಕು, ಸಾಲಕ್ಕೆ ಉತಾರ ಬೇಕು ಅಂತ ಅವರು ಪಂಚಾಯ್ತಿಗೆ ಬಂದೇ ಬರ್ತಾರೆ. ಆಗ ಹಳೇ ಬಾಕಿ ಎಲ್ಲ ಒಮ್ಮೆಗೇ ಕಟ್ಟು ಅಂತ ನಿಲ್ಲಿಸ್ತಾರೆ. ಧೈರ್ಯ ಬೇಕಾಗೋದು ರಸ್ತೆ ಪಕ್ಕದ ಕಲ್ಯಾಣ ಮಂಟಪ, ಗೋದಾಮು, ಮೊಬೈಲ್ ಟವರಿನ ಬಾಗಿಲು ಬಡಿಯೋದಕ್ಕೆ.

ಜನಮತ ಅಂದ ಕೂಡಲೇ ಎಲ್ಲ ಸರಿ ಹೋಗುತ್ತೆ ಅಂತಲೂ ತಿಳೀಬೇಡಿ. ಮನೆಯಲ್ಲೇ ಬೋರು, ಇನ್ವರ್ಟರು, ಕಾರು ಇರೋನಿಗೆ ಊರಿನ ನಳ, ಬೀದಿ ದೀಪ ಯಾಕೆ ಬೇಕು? ಅವನು ಬೇಡ ಅಂತಾನೆ. ಅವನ ಮಾತು ಕೇಳಿ ಇನ್ನೂ ಹತ್ತು ಜನ ಬೇಡ ಅಂತಾರೆ. ಆ ದೀಪ ಬೇಕಾಗಿರೋದು ಊರ ಹೊರಗಿನ ಕೇರಿಗೆ, ಸಂಜೆ ಹೊಲದಿಂದ ನಡೆದು ಬರೋ ಹೆಣ್ಣುಮಕ್ಕಳಿಗೆ. ಅದಕ್ಕೇ ಕ್ಯಾಲಿಫೋರ್ನಿಯಾದ ಮೂರರಲ್ಲಿ ಎರಡು ಪಾಲಿನ ಬೀಗ ನಮಗೆ ಬೇಡ ಅಂತೀನಿ ನಾನು. ಬೇಕಾಗಿರೋದು ಮ್ಯಾಸಚೂಸೆಟ್ಸಿನ ಆ ಪ್ರಶ್ನೆ: ಎಷ್ಟು ಹಣ, ಯಾವ ಕೆಲಸಕ್ಕೆ, ಯಾವ ವರ್ಷಕ್ಕೆ.

ಅದನ್ನ ಕೇಳೋ ಜಾಗ ನಮ್ಮಲ್ಲಿ ಈಗಾಗಲೇ ಇದೆ. ಗ್ರಾಮಸಭೆ. ಸಂವಿಧಾನದ 243ಎ ವಿಧಿ ಅದಕ್ಕೆ ಜಾಗ ಕೊಟ್ಟಿದೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದಕ್ಕಿಂತ ಮುಂಚೆ ವಾರ್ಡ್ ಸಭೆ. ವರ್ಷಕ್ಕೊಮ್ಮೆ ಲೆಕ್ಕಪತ್ರ ಬಿಚ್ಚಿಡೋ ಜಮಾಬಂದಿ. ಮತದಾರರ ಪಟ್ಟಿಯಲ್ಲಿ ಹೆಸರಿರೋ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಆದರೆ ನಮ್ಮ ಗ್ರಾಮಸಭೆಗೆ ಜನ ಬರೋದು ಯಾವಾಗ? ಮನೆ ಹಂಚುವಾಗ, ಫಲಾನುಭವಿ ಪಟ್ಟಿ ಓದುವಾಗ. ಕೊಡೋದು ಏನು ಅಂತ ಕೇಳೋಕೆ ಬರ್ತೀವಿ. ನಾವು ಕೊಟ್ಟದ್ದು ಏನಾಯ್ತು ಅಂತ ಕೇಳೋಕೆ ಬರಲ್ಲ.

ಸರ್ಕಾರಕ್ಕೆ ನನ್ನ ಒಂದೇ ಸಲಹೆ. ಕಾಯ್ದೆಯಲ್ಲಿರೋ ಮಿತಿ ಇರಲಿ. ಆ ಮಿತಿಯೊಳಗೆ ಏರಿಸಬೇಕಾದರೂ ಒಂದು ತಿಂಗಳು ಮುಂಚೆ ಪ್ರತಿ ಮನೆಗೆ ಒಂದು ಹಾಳೆ ಹೋಗಲಿ. ಈಗಿನ ಪಟ್ಟಿ ಎಷ್ಟು, ಏರಿದರೆ ಎಷ್ಟು, ಅದರಿಂದ ಬರೋ ಹಣ ಎಷ್ಟು, ಯಾವ ಕೆಲಸಕ್ಕೆ. ಹಿಂದಿನ ವರ್ಷದ ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ಕೈ ಎತ್ತಿಸಿದರೆ ಗೌಡರ ಮುಖ ನೋಡಿ ಎತ್ತೋರೇ ಹೆಚ್ಚು. ಹಾಗಾಗಿ ಡಬ್ಬಿ ಇಡಿ, ಗುಟ್ಟಿನ ಮತ ಆಗಲಿ. ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೆ ಏರಲಿ. ಬರದಿದ್ದರೆ ಮುಂದಿನ ವರ್ಷ ಒಳ್ಳೆ ಕಾರಣದ ಜತೆ ಮತ್ತೆ ಬನ್ನಿ.

ಇದು ನಾಳೆಯೇ ಆಗುತ್ತೆ ಅಂತ ನಾನು ಕನಸು ಕಾಣ್ತಿಲ್ಲ. ತಾಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದ ರಾಜ್ಯ ಇದು. ಕಾನೂನಿನಲ್ಲಿರೋ ಮತವನ್ನೇ ಕೊಡದವರು, ಇಲ್ಲದ ಮತವನ್ನ ಸುಮ್ಮನೆ ಕೊಡ್ತಾರಾ? ಕೇಳಿ ಪಡೀಬೇಕು.

ಕಾನೂನು ಬರೋ ತನಕ ಕಾಯದೇ ಮಾಡಬಹುದಾದ ಒಂದು ಕೆಲಸ ಇದೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ. ಕಿಸೆಯಲ್ಲಿ ಈ ವರ್ಷದ ಪಟ್ಟಿ ಕಟ್ಟಿದ ರಸೀದಿ ಇರಲಿ. ರಸೀದಿ ಇಲ್ಲದವನ ಪ್ರಶ್ನೆಗೆ "ಮೊದಲು ನಿನ್ನ ಬಾಕಿ ಕಟ್ಟಪ್ಪ" ಅಂತ ಒಂದೇ ಮಾತಿನಲ್ಲಿ ಕೂರಿಸಿಬಿಡ್ತಾರೆ. ರಸೀದಿ ಇರೋನನ್ನ ಕೂರಿಸೋಕಾಗಲ್ಲ. ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಹೋದ ವರ್ಷ ಮನೆಪಟ್ಟಿ ಎಷ್ಟು ಬರಬೇಕಿತ್ತು, ಎಷ್ಟು ಬಂತು? ಬಾಕಿ ಇಟ್ಟ ದೊಡ್ಡ ಹತ್ತು ಆಸ್ತಿ ಯಾವುವು? ಬಂದ ಹಣದಲ್ಲಿ ನಮ್ಮ ವಾರ್ಡಿಗೆ ಏನು ಮಾಡಿದಿರಿ? ಉತ್ತರ ಏನು ಕೊಟ್ಟರೂ ನಡಾವಳಿ ಪುಸ್ತಕದಲ್ಲಿ ಬರೀರಿ ಅಂತ ಹೇಳಿ. ಬರೆದ ಮೇಲೆ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ಒಬ್ಬರು ಕೇಳಿದರೆ ತಕರಾರು ಅಂತಾರೆ. ನೂರು ಜನ ಕೇಳಿದರೆ ಅದೇ ಜನಮತ.